ಯುದ್ಧಕಾಲದ ಬ್ಯಾಡ್ಜ್ ಅಸಲಿಯೋ ನಕಲಿಯೋ: ಹಿಂಬದಿಯಿಂದ ಶುರುಮಾಡಿ

ಎರಡನೇ ಮಹಾಯುದ್ಧದ ಸೇನಾ ಬ್ಯಾಡ್ಜ್‌ಗಳನ್ನು ಕೂಡಿಡಲು ಹೊರಟವರು ಮೊದಲು ಕೇಳುವ ಪ್ರಶ್ನೆ, "ಹಿಂದೆ ಯಾವ ಕಂಪನಿಯ ಮುದ್ರೆ ಇದೆ?" ನಿಜಕ್ಕೂ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ನಕಲಿ ಮಾಡುವವನಿಗೆ ಮುದ್ರೆ ಒತ್ತುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಅವನು ಎಡವುವುದು ಬೇರೆ ಕಡೆ. 1940ರ ಕಾರ್ಖಾನೆ ಲೋಹದ ತಗಡನ್ನು ಹೇಗೆ ಕತ್ತರಿಸುತ್ತಿತ್ತು, ಎಷ್ಟು ಒತ್ತಡದಲ್ಲಿ ಅಚ್ಚು ಹೊಡೆಯುತ್ತಿತ್ತು, ಹಿಂದಿನ ಪಿನ್ನನ್ನು ಹೇಗೆ ಕೂರಿಸುತ್ತಿತ್ತು ಎಂಬುದನ್ನೆಲ್ಲ ಒಟ್ಟಿಗೆ ಸರಿಯಾಗಿ ಮಾಡುವುದು ಅವನಿಂದ ಆಗುವುದಿಲ್ಲ. ಮಾಡಿದರೆ ಖರ್ಚು ಗಿಟ್ಟುವುದಿಲ್ಲ.

ಹಾಗಾಗಿ ಬ್ಯಾಡ್ಜನ್ನು ಶೌರ್ಯದ ಗುರುತೆಂದು ನೋಡುವ ಮೊದಲು ಕಾರ್ಖಾನೆಯ ಸರಕೆಂದು ನೋಡಿ. ಹೇಗೆ ತಯಾರಾಯಿತು, ಯಾವ ಲೋಹ, ಹಿಂಬದಿಯ ಜೋಡಣೆ ಎಂಥದ್ದು, ಸವೆತ ಎಲ್ಲಿದೆ, ಆಮೇಲೆ ಮುದ್ರೆ, ಅದರ ಹಿಂದೆ ಕಾಗದಪತ್ರ, ಕೊನೆಯಲ್ಲಿ ಮಾರುವವನ ಕಥೆ. ಈ ಸರದಿಯನ್ನು ತಲೆಕೆಳಗು ಮಾಡಿಕೊಂಡವರೇ ಹೆಚ್ಚಾಗಿ ಕೈ ಸುಟ್ಟುಕೊಳ್ಳುವುದು.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡಬೇಕು. ಒಂದು ಬ್ಯಾಡ್ಜ್ ಅಸಲಿ ಎಂದು ಒಂಟಿಯಾಗಿ ಸಾಬೀತು ಮಾಡುವ ಗುರುತು ಯಾವುದೂ ಇಲ್ಲ. ಹತ್ತು ಒಳ್ಳೆಯ ಲಕ್ಷಣ ಕೂಡಿದಾಗಲೂ "ಬಹುಮಟ್ಟಿಗೆ ಅಸಲಿ" ಅನ್ನಬಹುದು, ಅಷ್ಟೆ. ನಕಲಿ ಎಂದು ತೀರ್ಮಾನಿಸಲು ಮಾತ್ರ ಆ ಕಾಲದಲ್ಲಿ ಸಾಧ್ಯವೇ ಇರದ ಒಂದೇ ಸಂಗತಿ ಸಾಕು. ಆದ್ದರಿಂದ ಪರೀಕ್ಷೆಗೆ ಕೂತಾಗ ಇದು ಅಸಲಿ ಎನ್ನಲು ಕಾರಣ ಹುಡುಕಬೇಡಿ, ಅಲ್ಲ ಎನ್ನಲು ಹುಡುಕಿ.

ಬೇಕಾಗುವ ಸಾಮಾನು

ಆಭರಣದವರು ಬಳಸುವ, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ಲೂಪ್), 0.1 ಗ್ರಾಂವರೆಗೆ ತೋರಿಸುವ ಪುಟ್ಟ ತೂಕದ ಯಂತ್ರ, ವರ್ನಿಯರ್ ಕ್ಯಾಲಿಪರ್, ಒಂದು ಅಯಸ್ಕಾಂತ, ಒಂದು ಅಲ್ಟ್ರಾವಯೊಲೆಟ್ ಟಾರ್ಚ್. ಇಷ್ಟು ಸಾಕು. ಲೋಹ ತೊಳೆಯುವ ಪಾಲಿಶ್ ಈ ಪಟ್ಟಿಯಲ್ಲಿ ಇಲ್ಲ, ಇರಲೂಬಾರದು. ಉಜ್ಜಿದ ಬ್ಯಾಡ್ಜ್ ಹೊಳೆಯುತ್ತದೆ, ನಿಜ. ಆದರೆ ನೀವು ಓದಬೇಕಿದ್ದ ಸಾಕ್ಷ್ಯವೆಲ್ಲ ಬಟ್ಟೆಗೆ ಅಂಟಿಕೊಂಡು ಹೋಗಿರುತ್ತದೆ.

ಮೊದಲ ಹೆಜ್ಜೆ: ಇದು ಏನು, ಯಾವಾಗ ಹುಟ್ಟಿದ್ದು?

ಪ್ರತಿ ಬ್ಯಾಡ್ಜಿಗೂ ಜನ್ಮದಿನ ಇದೆ. ಜರ್ಮನ್ ಭೂಸೇನೆಯ ಪದಾತಿ ದಾಳಿ ಬ್ಯಾಡ್ಜ್ ಜಾರಿಗೆ ಬಂದದ್ದು 1939ರ ಡಿಸೆಂಬರ್ 20ರಂದು. ಸಾಮಾನ್ಯ ದಾಳಿ ಬ್ಯಾಡ್ಜ್ 1940ರ ಜೂನ್‌ನಲ್ಲಿ. ಜರ್ಮನ್ ನೌಕಾಪಡೆಯ ಯು-ಬೋಟ್ (ಜಲಾಂತರ್ಗಾಮಿ) ಬ್ಯಾಡ್ಜ್ 1939ರ ಅಕ್ಟೋಬರ್‌ನಲ್ಲಿ, ಡಿಸ್ಟ್ರಾಯರ್ ಬ್ಯಾಡ್ಜ್ 1940ರ ಜೂನ್‌ನಲ್ಲಿ. ಸೋವಿಯತ್ ಸೇನೆಯ 'ಗ್ವಾರ್ದಿಯಾ' (ಗಾರ್ಡ್ಸ್ ಪಡೆಗಳ) ಬ್ಯಾಡ್ಜ್ 1942ರ ಮೇ 21ರಂದು. ಅಮೆರಿಕದ ಕಾಂಬ್ಯಾಟ್ ಇನ್‌ಫಂಟ್ರಿಮನ್ ಬ್ಯಾಡ್ಜ್ 1943ರ ಅಕ್ಟೋಬರ್‌ನಲ್ಲಿ.

ಈ ದಿನಾಂಕಗಳು ಮುಖ್ಯವಾಗುವುದು ಕಥೆಗಳನ್ನು ಒರೆಗೆ ಹಚ್ಚುವಾಗ. ಜರ್ಮನ್ ವೇಗದ ದಾಳಿ ದೋಣಿಗಳ ಬ್ಯಾಡ್ಜಿನ ಮೊದಲ ವಿನ್ಯಾಸ 1941ರದ್ದು. 1943ರಲ್ಲಿ ಅದನ್ನು ಬದಲಿಸಿ ಹೊಸ ರೂಪದ ದೋಣಿ ಹಾಕಿದರು. "1941ರಲ್ಲೇ ಸೆರೆಸಿಕ್ಕ ನಾವಿಕನ ಎದೆಯಿಂದ ತೆಗೆದದ್ದು" ಎಂದು ಯಾರಾದರೂ ಎರಡನೇ ವಿನ್ಯಾಸವನ್ನು ಕೊಟ್ಟರೆ ಕಥೆ ಅಲ್ಲಿಗೇ ಬಿತ್ತು. ಕಥೆ ಬಿದ್ದಿತೆಂದು ಬ್ಯಾಡ್ಜೂ ನಕಲಿ ಆಗಬೇಕಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ತೂಗಿ.

ಬ್ರಿಟಿಷ್ ಟೋಪಿ ಬ್ಯಾಡ್ಜ್‌ಗಳಲ್ಲಿ ಮೊದಲು ನೋಡಬೇಕಾದದ್ದು ಕಿರೀಟ. 1901ರಿಂದ ಆರನೇ ಜಾರ್ಜ್ ದೊರೆಯ ಕಾಲ ಮುಗಿಯುವವರೆಗೆ ಬಳಕೆಯಲ್ಲಿದ್ದದ್ದು ಟ್ಯೂಡರ್ ಕಿರೀಟ. ಅದರ ಕಮಾನುಗಳು ಗುಮ್ಮಟದಂತೆ ದುಂಡಗೆ ಏರುತ್ತವೆ. ಎಲಿಜಬೆತ್ ರಾಣಿಯ ಕಾಲದಲ್ಲಿ ಬಂದ ಸೇಂಟ್ ಎಡ್ವರ್ಡ್ ಕಿರೀಟದಲ್ಲಿ ಕಮಾನುಗಳು ನಡುವೆ ತಗ್ಗುತ್ತವೆ. ತಗ್ಗಿದ ಕಿರೀಟವಿದ್ದರೆ ಅದು ಯುದ್ಧಕಾಲದ್ದಲ್ಲ, ಚರ್ಚೆಯೇ ಬೇಡ. ಆದರೆ ದುಂಡು ಕಿರೀಟವಿದ್ದ ಮಾತ್ರಕ್ಕೆ ಕುಣಿದಾಡುವಂತಿಲ್ಲ. ಅದೇ ಕಿರೀಟ ಮೊದಲ ಮಹಾಯುದ್ಧದಲ್ಲೂ ಇತ್ತು. ಸಾಲದ್ದಕ್ಕೆ ಮೂರನೇ ಚಾರ್ಲ್ಸ್ 2022ರಲ್ಲಿ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡಿರುವುದರಿಂದ ಹೊಚ್ಚಹೊಸ ಬ್ಯಾಡ್ಜ್‌ಗಳಲ್ಲೂ ಅದು ಬರತೊಡಗಿದೆ. ಇನ್ನು ಇಪ್ಪತ್ತು ವರ್ಷಕ್ಕೆ ಸಂಗ್ರಹಕಾರರಿಗೆ ಒಳ್ಳೆಯ ತಲೆನೋವು ಕಾದಿದೆ. ಭಾರತೀಯ ಸೇನೆಯ ಬ್ಯಾಡ್ಜ್‌ಗಳಲ್ಲಿ ಈ ಗೆರೆ ಇನ್ನೂ ಸ್ಪಷ್ಟ. ಗಣರಾಜ್ಯವಾದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ಸಿಂಹಗಳಿರುವ ಬ್ಯಾಡ್ಜನ್ನು ಬರ್ಮಾ ಯುದ್ಧದ್ದೆಂದು ಮಾರಲು ಬಂದರೆ ನಕ್ಕು ಕಳಿಸಿ.

ಎರಡನೇ ಹೆಜ್ಜೆ: ಅಚ್ಚೊತ್ತಿದ್ದೋ, ಎರಕ ಹೊಯ್ದದ್ದೋ?

ಇಡೀ ಪರೀಕ್ಷೆಯ ಬೆನ್ನೆಲುಬು ಇದು. ಇಲ್ಲಿ ಆತುರ ಬೇಡ.

ಯುದ್ಧಕಾಲದ ಬ್ಯಾಡ್ಜ್‌ಗಳಲ್ಲಿ ಬಹುಪಾಲು ಉಕ್ಕಿನ ಅಚ್ಚಿನ ನಡುವೆ ತಗಡನ್ನಿಟ್ಟು ಭಾರಿ ಒತ್ತಡದಲ್ಲಿ ಹೊಡೆದು ಮಾಡಿದವು. ಅಗ್ಗದ ನಕಲಿಗಳು ಹಾಗಲ್ಲ. ಒಂದು ಅಸಲಿ ತುಣುಕಿನಿಂದ ರಬ್ಬರಿನ ಮೂಸೆ (ಎರಕದ ಪಡಿಯಚ್ಚು) ತೆಗೆದು ಕರಗಿದ ಲೋಹವನ್ನು ಸುರಿದು ಮಾಡಿದವು. ಎರಡರ ಮೈಯೂ ಬೇರೆ.

ಲೂಪ್ ಕಣ್ಣಿಗೆ ಹಿಡಿದು, ಬ್ಯಾಡ್ಜನ್ನು ಓರೆಯಾಗಿ ಬೆಳಕಿಗೆ ತಿರುಗಿಸಿ. ಹದ್ದಿನ ರೆಕ್ಕೆಯ ಗರಿ, ಓಕ್ ಎಲೆಯ ನರ, ಹೆಲ್ಮೆಟ್ಟಿನ ಅಂಚು, ಇಂಥ ಸಣ್ಣ ಗೆರೆಗಳನ್ನು ನೋಡಿ. ಅಚ್ಚೊತ್ತಿದ ತುಣುಕಿನಲ್ಲಿ ಗೆರೆಯ ತಳವೂ ಏಣೂ ಚೂಪಾಗಿರುತ್ತವೆ, ನಡುವಿನ ಬಯಲು ನುಣ್ಣಗಿರುತ್ತದೆ. ಎರಕದಲ್ಲಿ ಅವೇ ಗೆರೆಗಳು ನಾಲ್ಕು ದಿನ ಬಳಸಿದ ಸೋಪಿನ ಮೇಲಿನ ಅಕ್ಷರದಂತೆ ಮೊಂಡಾಗಿರುತ್ತವೆ. ಬಯಲಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕುಳಿಗಳು, ಅಲ್ಲಲ್ಲಿ ಗುಳ್ಳೆಯಂಥ ಉಬ್ಬುಗಳು ಕಾಣುತ್ತವೆ. ಮೊಂಡುತನ ಸವೆತದಿಂದಲೂ ಬರಬಹುದಲ್ಲ ಎಂದರೆ, ಬರಬಹುದು. ಆದರೆ ಸವೆಯುವುದು ಎತ್ತರದ ಜಾಗ ಮಾತ್ರ. ತಗ್ಗಿನ ಮೂಲೆಯೂ ಮೊಂಡಾಗಿದ್ದರೆ ಅದಕ್ಕೆ ಸವೆತ ಕಾರಣವಲ್ಲ.

ನಂತರ ಅಂಚು. ಅಚ್ಚು ಹೊಡೆದ ಮೇಲೆ ಹೆಚ್ಚುವರಿ ಲೋಹವನ್ನು ಕತ್ತರಿಯಂಥ ಇನ್ನೊಂದು ಅಚ್ಚು ಒಂದೇ ಏಟಿಗೆ ಕೊರೆದು ತೆಗೆಯುತ್ತದೆ. ಆಗ ಅಂಚಿನ ಮೇಲೆ ಮುಂದಿನಿಂದ ಹಿಂದಕ್ಕೆ ಓಡುವ ನವಿರಾದ ನೇರ ಗೀರುಗಳು ಉಳಿಯುತ್ತವೆ. ಎರಕದ ಅಂಚಿನಲ್ಲಿ ಮೂಸೆಯ ಎರಡು ಭಾಗ ಕೂಡಿದ ಜಾಗದಲ್ಲಿ ಸುತ್ತಲೂ ಒಂದು ಸಣ್ಣ ಏಣು ಬರುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆದಿದ್ದರೆ ಗೀರುಗಳು ಅಂಚಿನ ಉದ್ದಕ್ಕೆ ಓಡುತ್ತವೆ. ಒಳಗೆ ಕೊರೆದ ಕಿಂಡಿಗಳಿದ್ದರೆ ಅವುಗಳ ಗೋಡೆಯನ್ನೂ ಬಿಡಬೇಡಿ. ಅಂಚನ್ನು ನುಣುಪು ಮಾಡಿದವನು ಕಿಂಡಿಯೊಳಗೆ ಅರ ಆಡಿಸುವಷ್ಟು ಪುರಸೊತ್ತು ಮಾಡಿಕೊಂಡಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚಿನದು ಮುಂದಿನ ಪರೀಕ್ಷೆ. ಬಳಸಿ ಬಳಸಿ ಅಚ್ಚಿನಲ್ಲಿ ಬಿರುಕು ಬಿಡುತ್ತದೆ. ಹೊಡೆತ ಬಿದ್ದಾಗ ಲೋಹ ಆ ಬಿರುಕಿನೊಳಕ್ಕೂ ನುಗ್ಗುತ್ತದೆ. ಹಾಗಾಗಿ ಅಚ್ಚಿನ ದೋಷ ಬ್ಯಾಡ್ಜಿನ ಮೇಲೆ ಉಬ್ಬಿದ ಗೆರೆಯಾಗಿ ಬರುತ್ತದೆ, ಅದೇ ಅಚ್ಚಿನ ಬೇರೆ ತುಣುಕುಗಳಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಇದು ಒಳ್ಳೆಯ ಲಕ್ಷಣ. ಬ್ಯಾಡ್ಜ್ ಕೆಳಗೆ ಬಿದ್ದೋ ಏನಕ್ಕೋ ತಗುಲಿಯೋ ಆದ ಗಾಯ ಹಾಗಲ್ಲ, ಅದು ತಗ್ಗಿದ ಗೀರು ಅಥವಾ ಕುಳಿ, ಆ ಒಂದು ತುಣುಕಿನ ಸ್ವಂತ ಆಸ್ತಿ. ಈಗ ಎರಡು ಬ್ಯಾಡ್ಜ್‌ಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಉದ್ದದ, ಒಂದೇ ಓರೆಯ ತಗ್ಗಿದ ಗೀರು ಕಂಡಿತೆನ್ನಿ. ಎರಡು ಬೇರೆ ಸೈನಿಕರ ಬ್ಯಾಡ್ಜಿಗೆ ಒಂದೇ ಗಾಯ ಆಗುವುದುಂಟೇ? ಒಂದು ಇನ್ನೊಂದರ ಮೂಸೆಯಿಂದ ಹುಟ್ಟಿರಬೇಕು, ಇಲ್ಲವೇ ಎರಡೂ ಮೂರನೆಯದರ ಸಂತಾನ. ಮಾರಾಟಗಾರರ ಹಳೆಯ ಚಿತ್ರಗಳನ್ನು ಉಳಿಸಿಟ್ಟುಕೊಳ್ಳುವವರಿಗೆ ಈ ಪರೀಕ್ಷೆ ಬಲು ಉಪಯೋಗಿ.

ಇನ್ನು ಅಳತೆ. ಕರಗಿದ ಲೋಹ ಆರುವಾಗ ಶೇಕಡಾ ಒಂದರಷ್ಟು ಕುಗ್ಗುತ್ತದೆ. 45 ಮಿಲಿಮೀಟರ್ ಎತ್ತರದ ಬ್ಯಾಡ್ಜಿನಿಂದ ತೆಗೆದ ಎರಕ ಅರ್ಧ ಮಿಲಿಮೀಟರಿನಷ್ಟು ಗಿಡ್ಡವಾಗುತ್ತದೆ. ಕಣ್ಣಿಗೆ ಕಾಣದು, ಕ್ಯಾಲಿಪರಿಗೆ ಕಾಣುತ್ತದೆ. ಆದರೆ ಹೋಲಿಸಬೇಕಾದದ್ದು ಅದೇ ತಯಾರಕನ, ಅದೇ ಮಾದರಿಯ ಖಚಿತ ಅಸಲಿಯ ಜೊತೆ. ತಯಾರಕನಿಂದ ತಯಾರಕನಿಗೆ ಅಳತೆ ಇದಕ್ಕಿಂತ ಹೆಚ್ಚು ಬದಲಾಗುತ್ತದೆ.

"ಎರಕ ಎಂದರೆ ನಕಲಿ" ಎಂದು ಬಾಯಿಪಾಠ ಮಾಡಿಕೊಂಡರೂ ಅಪಾಯವೇ. ಜರ್ಮನಿಯಲ್ಲಿ ಯುದ್ಧ ಮುಂದುವರಿದಂತೆ ಕೆಲವು ತಯಾರಕರು ಸತುವನ್ನು ಒತ್ತಡದ ಎರಕದಲ್ಲೇ ಹೊಯ್ದರು. ಅವುಗಳ ಮೈ ಅಚ್ಚೊತ್ತಿದಷ್ಟು ಚೂಪಾಗಿರದಿದ್ದರೂ ರಬ್ಬರ್ ಮೂಸೆಯ ಕುಳಿಗಳು ಇರುವುದಿಲ್ಲ. ಭಾರತ ಮತ್ತು ಈಜಿಪ್ಟ್‌ಗಳಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆಗಳದ್ದು ಇನ್ನೊಂದು ವಿಚಾರ. ಬ್ರಿಟನ್ನಿನಿಂದ ಸರಕು ಬರುವುದು ತಡವಾದಾಗ ಅಲ್ಲಿನ ಬಜಾರಿನ ಕಂಚುಗಾರರಿಂದಲೇ ಹಿತ್ತಾಳೆಯ ಬ್ಯಾಡ್ಜ್‌ಗಳನ್ನು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಸಿಕೊಂಡರು. ಒರಟು ಮೈ, ದಪ್ಪ ತಳ, ಹಿಂದೆ ಕೈಯಲ್ಲಿ ಬೆಸೆದ ಕೊಂಡಿ. ನೋಡಲು ಪಕ್ಕಾ ನಕಲಿಯಂತಿದ್ದರೂ ಯುದ್ಧಕಾಲದ್ದೇ ಇರಬಹುದು. ದುರದೃಷ್ಟಕ್ಕೆ ಈ ಜಾತಿಯನ್ನೇ ನಕಲು ಮಾಡುವುದು ಅತಿ ಸುಲಭ. ನನ್ನನ್ನು ಕೇಳಿದರೆ ಹೊಸಬರು ಈ ಬಜಾರು ಬ್ಯಾಡ್ಜ್‌ಗಳಿಂದ ಕೆಲವು ಕಾಲ ದೂರ ಇರುವುದೇ ಲೇಸು.

ಮೂರನೇ ಹೆಜ್ಜೆ: ಲೋಹ

ಯುದ್ಧದ ಕೊರತೆ ಬ್ಯಾಡ್ಜ್‌ಗಳ ಲೋಹದಲ್ಲಿ ನೇರವಾಗಿ ಕಾಣುತ್ತದೆ. ಆರಂಭದ ಜರ್ಮನ್ ಬ್ಯಾಡ್ಜ್‌ಗಳು ತಾಮ್ರ ಹೆಚ್ಚಿರುವ ಹಿತ್ತಾಳೆಯಾದ ಟೊಂಬಾಕ್‌ನಲ್ಲಿ, ಇಲ್ಲವೇ ಜರ್ಮನ್ ಸಿಲ್ವರ್‌ನಲ್ಲಿ (ಹೆಸರಿಗಷ್ಟೇ ಬೆಳ್ಳಿ, ನಿಜಕ್ಕೂ ತಾಮ್ರ-ನಿಕ್ಕಲ್-ಸತುವಿನ ಮಿಶ್ರಲೋಹ) ಇದ್ದವು. ವಾಯುಪಡೆಯ ಕೆಲವು ಅಲ್ಯೂಮಿನಿಯಂನಲ್ಲೂ ಇದ್ದವು. ತಾಮ್ರಕ್ಕೆ ತತ್ವಾರ ಬಂದಂತೆ ಸತು ಅದರ ಜಾಗ ಹಿಡಿಯಿತು. ಸತುವಿನ ಮೇಲಿನ ಬೆಳ್ಳಿಯ ತೆಳು ಲೇಪ ಹೆಚ್ಚು ಕಾಲ ನಿಲ್ಲುವುದಿಲ್ಲ, ಕ್ರಮೇಣ ಲೋಹದೊಳಕ್ಕೆ ಹೀರಿಕೊಂಡು ಬ್ಯಾಡ್ಜ್ ಮಂಕು ಬೂದು ಬಣ್ಣಕ್ಕೆ ತಿರುಗುತ್ತದೆ. ಎಂಬತ್ತು ವರ್ಷ ಕಳೆದ ಸತುವಿನ ಬ್ಯಾಡ್ಜ್ ನಿನ್ನೆ ಗಿಲೀಟು ಮಾಡಿಸಿದಂತೆ ಫಳಫಳ ಎನ್ನುತ್ತಿದ್ದರೆ ಹುಬ್ಬೇರಿಸಿ. ಪೆಟ್ಟಿಗೆಯಲ್ಲೇ ಉಳಿದು ಹೊಳಪು ಕಾಯ್ದುಕೊಂಡವೂ ಇವೆ. ಆದರೆ ಹಾಗೆ ಉಳಿದದ್ದಕ್ಕೆ ಪಿನ್ನೂ ಕೀಲೂ ಸಾಕ್ಷಿ ನುಡಿಯಬೇಕು, ಅವೂ ಅಷ್ಟೇ ಹೊಸದಾಗಿ ಇರಬೇಕು.

ಬ್ರಿಟನ್ 1942ರಿಂದ ಲೋಹ ಉಳಿಸಲು ಪ್ಲಾಸ್ಟಿಕ್ ಟೋಪಿ ಬ್ಯಾಡ್ಜ್‌ಗಳನ್ನು ಹೊರತಂದಿತು. ಕಂದು, ಕಂಚು, ಬೂದು-ಬೆಳ್ಳಿ ಬಣ್ಣಗಳವು. ಹಿಂದೆ ಮಡಿಚುವ ಎರಡು ಲೋಹದ ಎಳೆಗಳಿರುತ್ತವೆ. ಪ್ಲಾಸ್ಟಿಕ್ ಕಂಡ ಕೂಡಲೇ "ಆಟಿಕೆ" ಎಂದು ಪಕ್ಕಕ್ಕೆಸೆದವರು ಕಡಿಮೆಯಿಲ್ಲ.

ಅಯಸ್ಕಾಂತದ ಪರೀಕ್ಷೆ ಸೆಕೆಂಡಿನ ಕೆಲಸ. ಹಿತ್ತಾಳೆ, ಸತು, ಬೆಳ್ಳಿ, ಅಲ್ಯೂಮಿನಿಯಂ ಯಾವುದೂ ಅಂಟುವುದಿಲ್ಲ. ಅಂಟಿದರೆ ಪಿನ್ನು ಅಂಟೀತು, ಅದು ಸಾಮಾನ್ಯವಾಗಿ ಉಕ್ಕು. ಗಾಯಗೊಂಡ ಜರ್ಮನ್ ಸೈನಿಕರಿಗೆ ಕೊಡುತ್ತಿದ್ದ ಗಾಯಾಳು ಬ್ಯಾಡ್ಜಿನ ಕಪ್ಪು ದರ್ಜೆ ಮಾತ್ರ ಬೇರೆ. ಯುದ್ಧಕಾಲದಲ್ಲಿ ಅದನ್ನು ಹೆಚ್ಚಾಗಿ ಉಕ್ಕಿನ ತಗಡಿನಲ್ಲಿ ಟೊಳ್ಳಾಗಿ ಒತ್ತಿ ಕಪ್ಪು ಬಳಿಯುತ್ತಿದ್ದರು. ಜರ್ಮನ್ ಶೌರ್ಯಪದಕವಾದ 1939ರ ಐರನ್ ಕ್ರಾಸ್‌ನಲ್ಲಿ ಸಾಮಾನ್ಯವಾಗಿ ಕಬ್ಬಿಣದ ಕಪ್ಪು ತಿರುಳೊಂದು ಎರಡು ಚೌಕಟ್ಟುಗಳ ನಡುವೆ ಕೂತಿರುತ್ತದೆ. ಚೌಕಟ್ಟಿನ ಹೊರ ಅಂಚಿನಲ್ಲಿ ಎರಡು ಭಾಗ ಬೆಸೆದ ಗೆರೆಯನ್ನು ಲೂಪ್‌ನಲ್ಲಿ ಹುಡುಕಬೇಕು. ತಿರುಳೂ ಚೌಕಟ್ಟೂ ಒಂದೇ ತುಂಡಾಗಿ ಎರಕ ಹೊಯ್ದದ್ದಾದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ತಿರುಳು ಅಂಟದಿದ್ದರೆ ಅಷ್ಟಕ್ಕೇ ತಳ್ಳಿಹಾಕಬೇಡಿ, ಹಿತ್ತಾಳೆಯ ತಿರುಳಿನವೂ ಇದ್ದವು.

ಲೋಹ ಯಾವುದೆಂದು ಹಾನಿಯಿಲ್ಲದೆ ತಿಳಿಯಲು ಸಾಂದ್ರತೆ ಅಳೆಯಿರಿ. ಮೊದಲು ಬ್ಯಾಡ್ಜನ್ನು ಹಾಗೇ ತೂಗಿ. ನಂತರ ತೂಕದ ಯಂತ್ರದ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿಕೊಳ್ಳಿ. ಬ್ಯಾಡ್ಜಿಗೆ ತೆಳು ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ, ಗುಳ್ಳೆ ಅಂಟಿಕೊಂಡಿದ್ದರೆ ಅಲುಗಿಸಿ ಬಿಡಿಸಿ. ಯಂತ್ರ ತೋರಿಸುವ ಗ್ರಾಂ ಎಂದರೆ ಬ್ಯಾಡ್ಜ್ ಪಕ್ಕಕ್ಕೆ ಸರಿಸಿದ ನೀರು. ಮೊದಲ ತೂಕವನ್ನು ಇದರಿಂದ ಭಾಗಿಸಿ. ಬಂದ ಅಂಕಿ 7.1ರ ಆಸುಪಾಸಿದ್ದರೆ ಸತು, 8.4ರಿಂದ 8.8 ಇದ್ದರೆ ಹಿತ್ತಾಳೆಯ ಕುಟುಂಬ, 10.3ರ ಸುತ್ತ ಇದ್ದರೆ ಸ್ಟರ್ಲಿಂಗ್ (ಶೇಕಡಾ 92.5 ಶುದ್ಧ) ಬೆಳ್ಳಿ, 2.7 ಇದ್ದರೆ ಅಲ್ಯೂಮಿನಿಯಂ. 'ಸ್ಟರ್ಲಿಂಗ್' ಎಂದು ಕೆತ್ತಿರುವ ಅಮೆರಿಕದ ವಾಯುಪಡೆಯ ರೆಕ್ಕೆ ಬ್ಯಾಡ್ಜ್ 15.6 ಗ್ರಾಂ ತೂಗಿ ನೀರಿನಲ್ಲಿ 1.5 ಗ್ರಾಂ ತೋರಿಸಿದರೆ 10.4 ಬಂತು, ಬೆಳ್ಳಿಯೇ. ಅದೇ ತೂಕದ್ದು 2.1 ತೋರಿಸಿದರೆ 7.4 ಬಂತು, ಅದು ತವರ ಬೆರೆತ ಅಗ್ಗದ ಲೋಹ, ಮೇಲಿನ ಅಕ್ಷರ ಸುಳ್ಳು. ಹಗುರ ತುಣುಕಿನಲ್ಲಿ 0.1 ಗ್ರಾಂ ಹೆಚ್ಚುಕಡಿಮೆಯೂ ಉತ್ತರವನ್ನು ಅಲ್ಲಾಡಿಸುತ್ತದೆ, ಎರಡು ಮೂರು ಸಲ ಅಳೆದು ನೋಡಿ. ಬಣ್ಣ ಏಳುತ್ತಿರುವ, ಕಬ್ಬಿಣದ ಅಥವಾ ಬಟ್ಟೆ ಅಂಟಿಸಿದ ಬ್ಯಾಡ್ಜಿಗೆ ನೀರು ತೋರಿಸಬೇಡಿ. ಉಳಿದವನ್ನು ಕೂಡಲೇ ಒರೆಸಿ ಚೆನ್ನಾಗಿ ಒಣಗಿಸಿ.

ನಾಲ್ಕನೇ ಹೆಜ್ಜೆ: ಬೆನ್ನು

ಮುಂಬದಿ ನೋಡಿ ಕೊಳ್ಳುವವರೇ ಹೆಚ್ಚು. ಅದಕ್ಕೇ ನಕಲಿ ಮಾಡುವವನು ಶ್ರಮವನ್ನೆಲ್ಲ ಮುಂದೆ ಹಾಕಿ ಹಿಂದೆ ಕೈಬಿಡುತ್ತಾನೆ. ಪಿನ್ ತಿರುಗುವ ಕೀಲು, ಪಿನ್, ಅದರ ತುದಿ ಸಿಕ್ಕಿಕೊಳ್ಳುವ ಕೊಂಡಿ, ಈ ಮೂರೂ ಆ ತಯಾರಕ ಆ ಮಾದರಿಗೆ ಬಳಸುತ್ತಿದ್ದವೇ ಎಂದು ನೋಡಬೇಕು. ಪಿನ್ ಸೂಜಿಯಂತೆ ದುಂಡಗಿತ್ತೇ, ಚಪ್ಪಟೆಯೇ, ನಡುವೆ ಉಬ್ಬಿತ್ತೇ? ಕೊಂಡಿ ದುಂಡು ತಂತಿಯದೋ, ತಗಡಿನ ಪಟ್ಟಿಯದೋ? ಕೀಲನ್ನು ನೇರ ಬೆಸೆದಿದ್ದರೋ, ಪುಟ್ಟ ತಟ್ಟೆಯ ಮೇಲೆ ಕೂರಿಸಿ ಬೆಸೆದಿದ್ದರೋ, ಅಥವಾ ಸತುವಿನಲ್ಲೇ ಗುಂಡಿ ತೆಗೆದು ಸುತ್ತಲಿನ ಲೋಹವನ್ನು ಬಡಿದು ಬಿಗಿದಿದ್ದರೋ? ಕಡೆಯ ವಿಧಾನ ಸತುವಿನ ಬ್ಯಾಡ್ಜ್‌ಗಳಲ್ಲಿ ಸಾಮಾನ್ಯ. ಬಡಿದ ಗುರುತು ಕೀಲಿನ ಬುಡದ ಸುತ್ತ ಚೊಕ್ಕವಾಗಿ ಕಾಣಬೇಕು.

ಇಂದಿನ ಕರಕುಶಲ ಸಾಮಾನಿನ ಅಂಗಡಿಯಲ್ಲಿ ಸಿಗುವ, ತಿರುಗುವ ಬೀಗವಿರುವ ಬ್ರೂಚ್ ಪಿನ್ ಕಂಡರೆ ಯೋಚಿಸಲು ಏನೂ ಉಳಿಯದು. ಹೊಳೆಯುವ ಅಂಟಿನ ಹನಿ ಕಂಡರೂ ಅಷ್ಟೇ. ಆದರೆ ಹಳೆಯ ಪಿನ್ ಮುರಿದು ಯಾರೋ ದುರಸ್ತಿ ಮಾಡಿಸಿದ ಅಸಲಿಗಳೂ ಇರುತ್ತವೆ. ಆಗ ಮೊದಲ ಕೀಲಿನ ಬೆಸುಗೆಯ ಕಲೆ ಪಕ್ಕದಲ್ಲಿ ಉಳಿದಿರಬೇಕು, ಅದನ್ನು ಹುಡುಕಿ.

ಜರ್ಮನ್ ವಾಯುಪಡೆಯ ಪೈಲಟ್ ಬ್ಯಾಡ್ಜಿನಲ್ಲಿ ಮಾಲೆ ಒಂದು ತುಂಡು, ಹದ್ದು ಇನ್ನೊಂದು ತುಂಡು, ಹದ್ದನ್ನು ಮಾಲೆಗೆ ಎರಡು ರಿವೆಟ್‌ಗಳಿಂದ ಬಿಗಿದಿರುತ್ತಾರೆ. ಮಾಲೆಯ ಒಂದು ಪಕ್ಕ ಲಾರೆಲ್, ಇನ್ನೊಂದು ಪಕ್ಕ ಓಕ್. ಹಿಂದೆ ರಿವೆಟ್ಟಿನ ತಲೆ ನೋಡಿ, ಬಡಿದು ಹರಡಿದ ಗುರುತಿದೆಯೇ, ಸುತ್ತ ಹಳೆಯ ಕೊಳೆ ಕೂತಿದೆಯೇ ಎಂದು. ಎರಡು ತುಂಡೂ ಒಟ್ಟಿಗೇ ಎರಕವಾಗಿ ರಿವೆಟ್ ಬರೀ ಉಬ್ಬಾಗಿ ಮೂಡಿದ್ದರೆ ತೀರ್ಪು ಬಂದಂತೆಯೇ.

ಸೋವಿಯತ್ ಗ್ವಾರ್ದಿಯಾ ಬ್ಯಾಡ್ಜಿಗೆ ಪಿನ್ ಇಲ್ಲ, ಹಿಂದೆ ಸ್ಕ್ರೂ ಮತ್ತು ದುಂಡು ತಿರುಪು ಬಿಲ್ಲೆ. ಅದರಲ್ಲಿ ಮುಖ್ಯ ಪರೀಕ್ಷೆ ಎನಾಮಲ್‌ನದು. ಕುಲುಮೆಯಲ್ಲಿ ಬೇಯಿಸಿದ ಎನಾಮಲ್ ನಿಜದಲ್ಲಿ ಗಾಜು. ಒಡೆದರೆ ಗಾಜಿನಂತೆಯೇ ಚೂಪು ಅಂಚಿನ ಚಕ್ಕೆ ಏಳುತ್ತದೆ. ರಾಳದಿಂದ ಮಾಡಿದ ಬಣ್ಣ ಮೃದುವಾಗಿ ಸಿಪ್ಪೆಯಂತೆ ಏಳುತ್ತದೆ, ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಎಷ್ಟೋ ಸಲ ಮಿನುಗುತ್ತದೆ. ಯುದ್ಧದ ನಂತರವೂ ಈ ಬ್ಯಾಡ್ಜ್ ದಶಕಗಳ ಕಾಲ ತಯಾರಾಯಿತು, ಹಗುರ ಅಲ್ಯೂಮಿನಿಯಂನವು ಆ ನಂತರದ ಪೀಳಿಗೆ. ಅವು ನಕಲಿಯಲ್ಲ, ಯುದ್ಧಕಾಲದವೂ ಅಲ್ಲ.

ಐದನೇ ಹೆಜ್ಜೆ: ಸವೆತ, ಕಿಲುಬು, ತುಕ್ಕು

ಧರಿಸಿದ ಬ್ಯಾಡ್ಜ್ ಹೇಗೆ ಸವೆಯಬೇಕು ಎಂದು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮುಂದೆ ಮೂಗು, ರೆಕ್ಕೆಯ ತುದಿ, ಮಾಲೆಯ ಗಂಟು, ಅಂದರೆ ಮೊದಲು ತಾಗುವ ಎತ್ತರದ ಜಾಗಗಳು. ಹಿಂದೆ ಸಮವಸ್ತ್ರದ ಉಣ್ಣೆ ಉಜ್ಜುವ ಅಂಚು. ಪಿನ್ ಕೊಂಡಿಗೆ ಸಿಗುವಲ್ಲಿ ಒಂದು ಹೊಳಪಿನ ಗೆರೆ. ತಗ್ಗುಗಳಲ್ಲಿ ಗಟ್ಟಿ ಕೊಳೆ. ಮುಂದೆ ಭಾರಿ ಸವೆತ, ಹಿಂದೆ ಪಿನ್ ಮಾತ್ರ ಕನ್ನಡಿಯಂತೆ ಹೊಸದು ಎಂದರೆ ಲೆಕ್ಕ ತಾಳೆಯಾಗುತ್ತಿಲ್ಲ.

ಕೃತಕವಾಗಿ ಹಳೆಯದು ಮಾಡಲು ಆಮ್ಲ, ಗಂಧಕದ ದ್ರಾವಣ, ಮಣ್ಣಲ್ಲಿ ಹೂಳುವುದು ಎಲ್ಲವೂ ಚಾಲ್ತಿಯಲ್ಲಿವೆ. ಅದರ ಗುರುತು ಒಂದೇ: ಬಣ್ಣ ಎಲ್ಲ ಕಡೆ ಒಂದೇ ಸಮ. ಎತ್ತರಕ್ಕೂ ತಗ್ಗಿಗೂ ಒಂದೇ ಕಪ್ಪು, ಕೀಲಿನ ಸಂದಿಗೂ ಎದುರಿನ ಮೈಗೂ ಒಂದೇ ಕಪ್ಪು. ನಿಜವಾದ ಕಾಲ ಅಷ್ಟು ಸಮವಾಗಿ ಹಂಚುವುದಿಲ್ಲ. ಉಕ್ಕಿನ ಪಿನ್ನಿನ ತುಕ್ಕು ಗಟ್ಟಿಯಾಗಿ ಕಂದಾಗಿದ್ದರೆ ಹಳೆಯದು, ಬೆರಳಿಗೆ ಕಿತ್ತಳೆ ಪುಡಿ ಹತ್ತಿದರೆ ಇತ್ತೀಚಿನದು. ಹಿತ್ತಾಳೆಯ ಹಸಿರು ಕಿಲುಬು ಉಗುರಿನ ತುದಿಗೇ ಎದ್ದು ಬಂದರೂ ಅನುಮಾನಿಸಿ.

ಆರನೇ ಹೆಜ್ಜೆ: ಈಗ ಮುದ್ರೆ

ಇಷ್ಟನ್ನೂ ದಾಟಿದ ಬ್ಯಾಡ್ಜಿನ ಮುದ್ರೆಯನ್ನು ಮಾತ್ರ ಓದಿ. ಜರ್ಮನ್ ಪದಕ ತಯಾರಕರ ಒಕ್ಕೂಟ ಎಲ್‌ಡಿಒ 1941ರಲ್ಲಿ ಶುರುವಾಯಿತು. ಅಂಗಡಿಯಲ್ಲಿ ಬಿಡಿಯಾಗಿ ಮಾರುವ ತುಣುಕುಗಳಿಗೆ ಅದು 'ಎಲ್' ಅಕ್ಷರ, ಓರೆಗೆರೆ, ಒಂದು ಅಂಕಿ ಹೀಗೆ ಸಂಕೇತ ಕೊಡುತ್ತಿತ್ತು. ಉದಾಹರಣೆಗೆ ಎಲ್/16 ಎಂದರೆ ಸ್ಟೈನ್‌ಹಾವರ್ ಉಂಡ್ ಲ್ಯುಕ್. ಅಧಿಕೃತವಾಗಿ ಪ್ರದಾನ ಮಾಡುವ ತುಣುಕುಗಳಿಗೆ ಬರೀ ಅಂಕಿ: 1 ಎಂದರೆ ಡೆಶ್ಲರ್, 4 ಎಂದರೆ ಅದೇ ಸ್ಟೈನ್‌ಹಾವರ್, 65 ಎಂದರೆ ಕ್ಲೈನ್ ಉಂಡ್ ಕ್ವೆನ್‌ತ್ಸರ್. ಆರ್‌ಝಡ್‌ಎಂ ಮುದ್ರೆ ನಾತ್ಸಿ ಪಕ್ಷದ ಸಾಮಗ್ರಿಗಳದ್ದು, ಸೇನೆಯ ಯುದ್ಧ ಬ್ಯಾಡ್ಜಿನ ಮೇಲೆ ಅದಕ್ಕೆ ಕೆಲಸವಿಲ್ಲ.

ಇಲ್ಲಿ ಮಾಡಬೇಕಾದದ್ದು ಹೊಂದಾಣಿಕೆ. ಈ ಮುದ್ರೆಯ ತಯಾರಕ ಈ ಬಗೆಯ ಬ್ಯಾಡ್ಜ್ ಮಾಡುತ್ತಿದ್ದನೇ? ಮಾಡಿದ್ದರೆ ಇದೇ ಕೀಲು, ಇದೇ ಕೊಂಡಿ ಹಾಕುತ್ತಿದ್ದನೇ? ಅಕ್ಷರಗಳ ಆಕಾರ ಖಚಿತ ಅಸಲಿಯಲ್ಲಿ ಇರುವಂತೆಯೇ ಇದೆಯೇ? ಒಬ್ಬನ ಮೈ, ಇನ್ನೊಬ್ಬನ ಮುದ್ರೆ ಇರುವ ಕಲಬೆರಕೆಗಳು ಬೇಕಾದಷ್ಟಿವೆ. ಮುದ್ರೆಯೇ ಇಲ್ಲದ ಅಸಲಿಗಳೂ ಬೇಕಾದಷ್ಟಿವೆ. ಹೀಗಾಗಿ ಮುದ್ರೆ ಇಲ್ಲದ್ದನ್ನು ಅಷ್ಟಕ್ಕೇ ಕೀಳಾಗಿ ಕಾಣಬೇಡಿ. ಒಳ್ಳೆಯ ಮೈಯ ಮುದ್ರೆರಹಿತ ಬ್ಯಾಡ್ಜನ್ನು ಕಣ್ಣುಮುಚ್ಚಿ ಆರಿಸಿಕೊಂಡೇನು, ಸಂಶಯದ ಮೈಯ ಮೇಲಿನ ಸುಂದರ ಮುದ್ರೆ ಬೇಡ.

ನಕಲಿಯೂ ಅಲ್ಲ, ಯುದ್ಧಕಾಲದ್ದೂ ಅಲ್ಲ

ಹೊಸಬರು ಹೆಚ್ಚು ಗೊಂದಲಗೊಳ್ಳುವುದು ಇಲ್ಲಿ. ಪಶ್ಚಿಮ ಜರ್ಮನಿ 1957ರ ಜುಲೈನಲ್ಲಿ ಒಂದು ಕಾನೂನು ತಂದು, ಯುದ್ಧದಲ್ಲಿ ಪಡೆದ ಪದಕ ಬ್ಯಾಡ್ಜ್‌ಗಳನ್ನು ಸ್ವಸ್ತಿಕ ತೆಗೆದ ರೂಪದಲ್ಲಿ ಧರಿಸಲು ಹಳೆಯ ಸೈನಿಕರಿಗೆ ಅನುಮತಿ ಕೊಟ್ಟಿತು. ಸ್ಟೈನ್‌ಹಾವರ್‌ನಂಥ ಹಳೆಯ ತಯಾರಕರೇ ಹೊಸದಾಗಿ ಮಾಡಿಕೊಟ್ಟರು. ಸಕ್ರಮ ಸರಕು, ತನ್ನದೇ ಸಂಗ್ರಹಕಾರರೂ ಇದ್ದಾರೆ. ಕಷ್ಟವೇನೆಂದರೆ, ಸ್ವಸ್ತಿಕವಿಲ್ಲದ ಗಾಯಾಳು ಬ್ಯಾಡ್ಜ್ 1918ರದ್ದೂ ಇದೆ, 1957ರದ್ದೂ ಇದೆ. ಹೆಲ್ಮೆಟ್ಟಿನ ಆಕಾರ ನೋಡಿದರೆ ಬಿಡಿಸಬಹುದು: 1918ರದ್ದು ಮೊದಲ ಮಹಾಯುದ್ಧದ ಎತ್ತರದ, ಪಕ್ಕಗಳಲ್ಲಿ ಹರಡಿದ ಹೆಲ್ಮೆಟ್. ಸ್ವಸ್ತಿಕವನ್ನು ಯುದ್ಧದ ನಂತರ ಮಾಲೀಕನೇ ಅರದಿಂದ ಉಜ್ಜಿ ತೆಗೆದ ಯುದ್ಧಕಾಲದ ತುಣುಕುಗಳೂ ಇವೆ. ಅಲ್ಲಿ ಅರದ ಗೀರು ಕಾಣುತ್ತದೆ.

ಇನ್ನೂ ತೊಡಕಿನದು ಮರುಮುದ್ರಣ, ಅಂದರೆ ಹಳೆಯ ಅಸಲಿ ಅಚ್ಚಿನಿಂದ ಯುದ್ಧದ ನಂತರ ಹೊಡೆದದ್ದು. ವಿಯೆನ್ನಾದ ಸೌವಾಲ್ ಸಂಸ್ಥೆ ಯುದ್ಧದ ನಂತರವೂ ಸಂಗ್ರಹಕಾರರಿಗಾಗಿ ಬ್ಯಾಡ್ಜ್ ಹೊಡೆದದ್ದು ಈ ಹವ್ಯಾಸದವರಿಗೆಲ್ಲ ಗೊತ್ತು. ಬ್ರಿಟಿಷ್ ಟೋಪಿ ಬ್ಯಾಡ್ಜ್‌ಗಳಲ್ಲಿ ಮರುಮುದ್ರಣದ ರಾಶಿಯೇ ಇದೆ. ಇವು ಅಚ್ಚೊತ್ತಿದವೇ ಆದ್ದರಿಂದ ಎರಕದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತವೆ. ಹಿಡಿಯುವ ದಾರಿ ಬೇರೆ. ತಗಡಿನ ದಪ್ಪ, ಕಿಂಡಿಗಳನ್ನು ಕೊರೆಯದೆ ಬಿಟ್ಟದ್ದು ಅಥವಾ ಒರಟಾಗಿ ಕೊರೆದದ್ದು, ಟೋಪಿಗೆ ಸಿಕ್ಕಿಸುವ ಪಟ್ಟಿಯ ತೆಳುತನ, ಅಸಲಿ ತುಣುಕುಗಳಲ್ಲಿ ಇರದಷ್ಟು ಮುಂದುವರಿದ ಅಚ್ಚಿನ ಬಿರುಕು. ಯುದ್ಧಕಾಲದಲ್ಲಿ ಕೂದಲೆಳೆಯಷ್ಟಿದ್ದ ಬಿರುಕು ಮರುಮುದ್ರಣದಲ್ಲಿ ದಪ್ಪಗಾಗಿ ಮುಂದಕ್ಕೆ ಚಾಚಿರುತ್ತದೆ.

ಬಟ್ಟೆ ಬ್ಯಾಡ್ಜ್

ಬಟ್ಟೆಯ ಮೇಲೆ ಅಲ್ಟ್ರಾವಯೊಲೆಟ್ ಟಾರ್ಚ್ ಬಿಡುವುದು ಜನಪ್ರಿಯ ಪರೀಕ್ಷೆ. ದಾರಕ್ಕೆ ನೀಲಿ-ಬಿಳಿ ಹೊಳಪು ಕೊಡುವ ರಾಸಾಯನಿಕಗಳು ವ್ಯಾಪಕವಾದದ್ದು ಯುದ್ಧದ ನಂತರ, ಹಾಗಾಗಿ ಜೋರಾಗಿ ಹೊಳೆದರೆ ಸಂಶಯ. ಆದರೆ ಅದೇ ರಾಸಾಯನಿಕ ಇಂದಿನ ಬಟ್ಟೆ ಸೋಪಿನ ಪುಡಿಯಲ್ಲೂ ಇದೆ. ಅಜ್ಜನ ಅಂಗಿಯ ತೋಳಪಟ್ಟಿಯನ್ನು ಮೊಮ್ಮಕ್ಕಳು ಅಕ್ಕರೆಯಿಂದ ಒಗೆದಿದ್ದರೆ ಅಸಲಿಯೂ ಹೊಳೆಯುತ್ತದೆ. ಹೊಳೆಯದಿದ್ದರೆ ಅಸಲಿ ಎನ್ನುವಂತೆಯೂ ಇಲ್ಲ, ಹೊಳಪಿನ ರಾಸಾಯನಿಕ ಹಾಕದ ಹತ್ತಿ ದಾರ ಇಂದಿಗೂ ಸಿಗುತ್ತದೆ.

ಕಾಗದ, ಕಥೆ, ಖರೀದಿ

ಪ್ರದಾನ ಪತ್ರ ಜೊತೆಗಿದ್ದರೆ ಒಳ್ಳೆಯದೇ. ಹೆಸರು, ತುಕಡಿ, ದರ್ಜೆ, ದಿನಾಂಕ, ಮೊಹರು, ಸಹಿ ಎಲ್ಲ ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಸೈನಿಕನ ವೇತನ ಪುಸ್ತಕವೂ ಇದ್ದರೆ ಅದರಲ್ಲಿ ಅದೇ ಪ್ರಶಸ್ತಿ ನಮೂದಾಗಿರಬೇಕು. ಆದರೆ ಪತ್ರ ಅಸಲಿಯಾದ ಮಾತ್ರಕ್ಕೆ ಪಕ್ಕದ ಬ್ಯಾಡ್ಜೂ ಅಸಲಿಯಾಗದು. ಅಸಲಿ ಪತ್ರದ ಜೊತೆ ನಕಲಿ ಬ್ಯಾಡ್ಜನ್ನು ಚೌಕಟ್ಟು ಕಟ್ಟಿಸಿ ಮಾರುವುದು ಹಳೆಯ ವರಸೆ. "ನಮ್ಮಜ್ಜ ಯುದ್ಧದಿಂದ ತಂದದ್ದು" ಎಂಬ ಮಾತು ನಿಜವೂ ಇರಬಹುದು. ಹೇಳುವವರು ಸುಳ್ಳು ಹೇಳದೆಯೂ ತಪ್ಪಾಗಿರಬಹುದು. ಅಜ್ಜನೇ 1970ರಲ್ಲಿ ನೆನಪಿಗೆಂದು ಮರುಮುದ್ರಣ ಕೊಂಡಿರಬಾರದೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ಹವ್ಯಾಸಕ್ಕೆಂದೇ ಹುಟ್ಟಿದಂತಿದೆ.

ಚಿತ್ರ ನೋಡಿ ಕೊಳ್ಳುವುದಾದರೆ ಹಗಲು ಬೆಳಕಿನಲ್ಲಿ ತೆಗೆದ ಮುಂಭಾಗ, ಹಿಂಭಾಗ, ಅಂಚು, ಕೀಲು, ಕೊಂಡಿಗಳ ಹತ್ತಿರದ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ತೂಕ ಕೇಳಿ. ಅಂಚಿನ ಚಿತ್ರ ಕೊಡಲು ಸಬೂಬು ಹೇಳುವವರ ಬಳಿ ವ್ಯವಹಾರ ಬೇಡ. ಹೋಲಿಸಲು ನಿಮ್ಮ ಕೈಯಲ್ಲಿ ಒಂದಾದರೂ ಖಚಿತ ಅಸಲಿ ಇರಲಿ. ಅಪರೂಪದ ಬ್ಯಾಡ್ಜ್ ಹಿಂದೆ ಬೀಳುವ ಮೊದಲು ಸಾಮಾನ್ಯವಾದ, ಅಗ್ಗವಾದ ಒಂದೇ ಮಾದರಿಯ ಹಲವು ತುಣುಕುಗಳನ್ನು ನೋಡಿ ಕೈ ಪಳಗಿಸಿಕೊಳ್ಳಿ. ಕಪ್ಪು ಗಾಯಾಳು ಬ್ಯಾಡ್ಜ್ ಇದಕ್ಕೆ ಹೇಳಿಮಾಡಿಸಿದ್ದು.

ಕಾನೂನನ್ನೂ ಮರೆಯುವಂತಿಲ್ಲ. ಜರ್ಮನಿಯಲ್ಲಿ ಸ್ವಸ್ತಿಕವಿರುವ ವಸ್ತುವನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ, ಸಂಶೋಧನೆ, ಶಿಕ್ಷಣ, ಕಲೆಯಂಥ ಉದ್ದೇಶಗಳಿಗೆ ವಿನಾಯಿತಿ ಇದೆ. ಅಮೆರಿಕದಲ್ಲಿ ಮೆಡಲ್ ಆಫ್ ಆನರ್ ಮಾರುವುದೇ ನಿಷಿದ್ಧ. ದೇಶದಿಂದ ದೇಶಕ್ಕೆ ತರಿಸುವ ಮೊದಲು ಎರಡೂ ಕಡೆಯ ನಿಯಮ ವಿಚಾರಿಸಿ.

ದುಡ್ಡು ಕೊಡುವ ಮುನ್ನ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಮಾರುವವನು ಇದನ್ನು "ಯುದ್ಧಕಾಲದ ಅಸಲಿ" ಎಂದೇ ಮಾರುತ್ತಿದ್ದಾನೆ ಎಂಬುದು, ಮತ್ತು ಅಲ್ಲವೆಂದಾದರೆ ಎಷ್ಟು ದಿನದೊಳಗೆ ವಾಪಸು ಪಡೆಯುತ್ತಾನೆ ಎಂಬುದು. ಬ್ಯಾಡ್ಜ್ ಕೈಸೇರಿದ ದಿನವೇ ತೂಕ, ಅಳತೆ, ಸಾಂದ್ರತೆ, ಅಂಚಿನ ಸ್ಥಿತಿ, ಕೀಲಿನ ಬಗೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಚಿತ್ರ ತೆಗೆದಿಡಿ. ಗಡುವು ಮುಗಿಯುವ ಹಿಂದಿನ ದಿನಕ್ಕೂ ಮನಸ್ಸು "ಹೌದು" ಎನ್ನದಿದ್ದರೆ ಚೀಟಿಯನ್ನು ಇಟ್ಟುಕೊಂಡು ಬ್ಯಾಡ್ಜನ್ನು ವಾಪಸು ಕಳಿಸಿಬಿಡಿ.